ಯಾಕ್ಲಾ ಮೊಗ, ಗಾಡಿ ಕೆಟ್ಟೋಯ್ತಾ?

ಕಳೆದ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ, ಹತ್ತು ವಾರದಲ್ಲಿ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟೆನೋ ಲೆಕ್ಕ ಇಲ್ಲ. ಕೇಳಿದವರು ಯಾರೂ ಕೆಟ್ಟವರಲ್ಲ. ಮಾಂಬಳ್ಳಿ ಹತ್ತಿರ ಟೀ ಅಂಗಡಿ ಇಟ್ಟಿರೋ ಅಜ್ಜ, ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅಪ್ಪನ ಸ್ನೇಹಿತರು, ನಮ್ಮ ಬೀದಿಯ ಅತ್ತೆ, ಎಲ್ಲರದ್ದೂ ಒಂದೇ ಮಾತು: "ಯಾಕ್ಲಾ ಮೊಗ, ಗಾಡಿ ಕೆಟ್ಟೋಯ್ತಾ?" ಗಾಡಿ ಚೆನ್ನಾಗೇ ಇದೆ, ನಾನೇ ಬೇಕು ಅಂತ ಸೈಕಲ್‌ನಲ್ಲಿ ಬರ್ತಾ ಇದೀನಿ ಅಂದ್ರೆ ಮುಂದಿನ ಪ್ರಶ್ನೆ ಇನ್ನೂ ಮೆಲ್ಲಗೆ ಬರುತ್ತಿತ್ತು: "ಮನೇಲಿ ಎಲ್ಲಾ ಸರ್ಯಾಗದಾ?"

ವಿಷಯ ಇಷ್ಟೇ. ನಮ್ಮ ಮನೆ ಕೊಳ್ಳೇಗಾಲ. ಇಂಟರ್ನ್‌ಶಿಪ್ ಸಿಕ್ಕಿದ್ದು ಯಳಂದೂರಿನಲ್ಲಿ. ಮಧ್ಯೆ ಹದಿನಾರು ಕಿಲೋಮೀಟರ್ ಚಿಲ್ಲರೆ ದೂರ. ಮನೆಯಲ್ಲಿದ್ದ ಒಂದು ಬೈಕ್ ಅಣ್ಣನ ಕೆಲಸಕ್ಕೆ ಬೇಕು. ಬಸ್ ಇದೆ, ಆದರೆ ಬೆಳಗಿನ ಹೊತ್ತು ಸ್ಕೂಲು ಕಾಲೇಜು ಮಕ್ಕಳ ಜೊತೆ ಫುಟ್‌ಬೋರ್ಡ್ ಮೇಲೆ ಒಂದು ಕಾಲು ಊರಿಕೊಂಡು ಹೋಗಬೇಕು. ಇನ್ನೊಂದು ಸಮಸ್ಯೆಯೂ ಇತ್ತು. ನಾನು ಕಾಲೇಜ್ ಟೀಮಿನಲ್ಲಿ 5000 ಮೀಟರ್ ಓಡ್ತೀನಿ. ಹತ್ತು ವಾರ ಕುರ್ಚಿ ಮೇಲೆ ಕೂತು ವಾಪಸ್ ಬಂದರೆ ಪಿ.ಇ. ಸರ್ ಮುಖ ನೋಡೋಕೆ ಆಗಲ್ಲ ಅಂತ ಗೊತ್ತಿತ್ತು. ಅಟ್ಟದ ಮೇಲೆ ಅಪ್ಪನ ಹಳೇ ಸೈಕಲ್ ಬಿದ್ದಿತ್ತು. ಇಳಿಸಿ, ಎರಡು ಟೈರು, ಎರಡು ಟ್ಯೂಬು, ಬ್ರೇಕ್ ರಬ್ಬರ್ ಹೊಸದು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟೆ. ಹೊರಟೆ.

ಈ ಲೇಖನ ನನ್ನ ಸಾಹಸದ ಕಥೆ ಅಲ್ಲ. ಮೂವತ್ತೆರಡು ಕಿಲೋಮೀಟರ್ ಸೈಕಲ್ ತುಳಿಯೋದು ಸಾಹಸವೇ ಅಲ್ಲ, ನಮ್ಮ ಅಪ್ಪನ ತಲೆಮಾರಿನವರು ಹಾಲಿನ ಕ್ಯಾನ್ ಕಟ್ಟಿಕೊಂಡು ತುಳೀತಿದ್ದರು. ನಾನು ಹೇಳಬೇಕು ಅಂದುಕೊಂಡಿರೋದು ಒಂದೇ ಮಾತು. ನಮ್ಮ ಕಡೆ ಸೈಕಲ್ ನಿಲ್ಲೋದು ಮೊದಲ ಸಂಬಳ ಬಂದ ದಿನ. ಅದೇ ದಿನದಿಂದ ಮನುಷ್ಯನಿಗೆ ಅದರ ಅಗತ್ಯ ಜಾಸ್ತಿ ಆಗುತ್ತೆ. ಫೈನಲ್ ಇಯರ್‌ನವರು ದಯವಿಟ್ಟು ಮುಂದಕ್ಕೆ ಓದಿ.

ಅಪ್ಪನ ಸೈಕಲ್

ಅಪ್ಪ ಕೊಳ್ಳೇಗಾಲದ ಒಂದು ಅಂಗಡಿಯಲ್ಲಿ ಲೆಕ್ಕ ಬರೀತಿದ್ರು. ಆಗ ನಾವು ಇನ್ನೂ ಹಳ್ಳಿಯಲ್ಲಿದ್ವಿ, ಹನೂರು ರಸ್ತೆಯಲ್ಲಿ ಒಂಬತ್ತು ಕಿಲೋಮೀಟರ್ ದೂರ. ಇಪ್ಪತ್ತೆರಡು ವರ್ಷ ಅಪ್ಪ ಅದೇ ಸೈಕಲ್‌ನಲ್ಲಿ ಹೋಗಿ ಬಂದರು. ಅವರಿಗೆ ಅದು ವ್ಯಾಯಾಮ ಅಂತ ಅನ್ನಿಸಿರಲೇ ಇಲ್ಲ. ಬಸ್ ಚಾರ್ಜ್ ಉಳಿಯುತ್ತೆ, ಅಷ್ಟೇ.

ಅಣ್ಣನಿಗೆ ಕೆಲಸ ಸಿಕ್ಕಿದ ಮೊದಲ ವರ್ಷವೇ ಅಪ್ಪನಿಗೆ ಸ್ಕೂಟರ್ ತಂದುಕೊಟ್ಟ. ಪ್ರೀತಿಯಿಂದಲೇ. "ಇಷ್ಟು ವರ್ಷ ತುಳಿದಿದ್ದು ಸಾಕು ಕಣಪ್ಪ" ಅಂದ. ಅಮ್ಮ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟರು. ಆಮೇಲೆ ಪೇಟೆಗೇ ಮನೆ ಮಾಡಿದ್ವಿ, ಸೈಕಲ್ ಅಟ್ಟ ಸೇರಿತು. ಐದು ವರ್ಷ ಕಳೆಯೋಷ್ಟರಲ್ಲಿ ಅಪ್ಪನಿಗೆ ಶುಗರ್ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಕೊನೆಗೆ ಒಂದು ಮಾತು ಹೇಳಿದರು: "ದಿನಾ ಒಂದು ನಲವತ್ತು ನಿಮಿಷ ಏನಾದರೂ ಮೈ ಬಗ್ಗಿಸಿ." ಇಪ್ಪತ್ತೆರಡು ವರ್ಷ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಸೈಕಲ್ ತುಳಿದ ಮನುಷ್ಯನಿಗೆ ಈ ಮಾತು.

ಸ್ಕೂಟರಿನಿಂದಲೇ ಶುಗರ್ ಬಂತು ಅಂತ ನಾನು ಹೇಳಲ್ಲ. ವಯಸ್ಸು, ವಂಶ, ಊಟ, ಎಲ್ಲಾ ಸೇರಿರುತ್ತೆ. ಇಂಜಿನಿಯರಿಂಗ್ ಓದೋರು ಒಂದೇ ರೀಡಿಂಗ್ ಇಟ್ಟುಕೊಂಡು ಗ್ರಾಫ್ ಎಳೆಯಬಾರದು. ಆದರೆ ಇದು ನಮ್ಮ ಒಂದು ಮನೆಯ ಕಥೆಯೂ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ನಮ್ಮ ಬೀದಿಯಲ್ಲಿ ಸಕ್ಕರೆ ಇಲ್ಲದ ಕಾಫಿ ಕೇಳೋ ಮನೆಗಳನ್ನು ಎಣಿಸಿದರೆ ಈ ಅಂಕಿ ನಂಬೋಕೆ ಕಷ್ಟ ಆಗಲ್ಲ.

ಕೂತು ಮಾಡೋ ಕೆಲಸ, ಓಡಾಡಿ ಮಾಡೋ ಕೆಲಸದ ವ್ಯತ್ಯಾಸವನ್ನು ಮೊದಲು ಗಟ್ಟಿಯಾಗಿ ಲೆಕ್ಕ ಹಾಕಿದವರು ಜೆರ್ರಿ ಮಾರಿಸ್ ಅನ್ನೋ ಬ್ರಿಟಿಷ್ ವೈದ್ಯರು. 1953ರಲ್ಲಿ ಅವರ ತಂಡ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ ನೋಡಿತು. ಒಂದೇ ಬಸ್ಸು, ಒಂದೇ ಶಿಫ್ಟು. ಡ್ರೈವರ್ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳೀತಿರುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರ್‌ಗಳಲ್ಲಿ ಕಡಿಮೆ ಇತ್ತು. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. 1956ರಲ್ಲಿ ಇಬ್ಬರ ಯೂನಿಫಾರ್ಮ್ ಅಳತೆಗಳನ್ನು ತೆಗೆದು ನೋಡಿದರು. ಡ್ರೈವರ್‌ಗಳ ಸೊಂಟದ ಸುತ್ತಳತೆ ಕೆಲಸಕ್ಕೆ ಸೇರುವಾಗಲೇ ಜಾಸ್ತಿ ಇತ್ತು! ಅಂದರೆ ಪೂರ್ತಿ ವ್ಯತ್ಯಾಸಕ್ಕೆ ಕುರ್ಚಿಯೊಂದೇ ಕಾರಣ ಅಲ್ಲ ಅಂತ ತಮ್ಮ ಲೆಕ್ಕವನ್ನು ತಾವೇ ಪರೀಕ್ಷೆ ಮಾಡಿಕೊಂಡರು. ನಾವು ಲ್ಯಾಬ್‌ನಲ್ಲಿ ಇಷ್ಟು ಪ್ರಾಮಾಣಿಕವಾಗಿ ಎರರ್ ಅನಾಲಿಸಿಸ್ ಬರೀತೀವಾ ಅಂತ ಯೋಚನೆ ಬಂತು. ಅದಾದ ಮೇಲೂ ಎಷ್ಟೋ ಅಧ್ಯಯನಗಳು ಅದೇ ದಿಕ್ಕಿಗೆ ಕೈ ತೋರಿಸಿವೆ. 2017ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಬ್ರಿಟನ್ನಿನ 2,63,450 ಜನರ ಮಾಹಿತಿ ನೋಡಿದರು. ಕಾರಲ್ಲೋ ಬಸ್ಸಲ್ಲೋ ಕೆಲಸಕ್ಕೆ ಹೋಗೋರಿಗೆ ಹೋಲಿಸಿದರೆ ಸೈಕಲ್‌ನಲ್ಲಿ ಹೋಗೋರು ಆ ಸುಮಾರು ಐದು ವರ್ಷಗಳ ಅವಧಿಯಲ್ಲಿ ಸಾಯುವ ಸಂಭವ ಶೇ. 41ರಷ್ಟು ಕಡಿಮೆ ಇತ್ತು. ಸಿಗರೇಟು, ಊಟ, ವಯಸ್ಸು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿದ ವ್ಯತ್ಯಾಸ ಇದು. ಆರೋಗ್ಯ ಇರೋರೇ ಸೈಕಲ್ ಹತ್ತಿರಬಹುದು ಅನ್ನೋ ಅನುಮಾನ ಇದ್ದೇ ಇದೆ. ಹಾಗಿದ್ದರೂ ಸಣ್ಣ ಅಂಕಿ ಅಲ್ಲ.

ನಾಲ್ಕು ಕಿಲೋಮೀಟರ್ ಲೆಕ್ಕ

ಈಗ ನಮ್ಮ ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು. ಗಂಟೆಗೆ 15 ಕಿ.ಮೀ. ವೇಗ ಅಂತ ಇಟ್ಟುಕೊಳ್ಳಿ, ಇದು ಹಳೇ ಸೈಕಲ್‌ಗೂ ಆರಾಮದ ವೇಗ. ಮನೆಯಿಂದ ಕೆಲಸಕ್ಕೆ 4 ಕಿ.ಮೀ. ಇದ್ದರೆ ಹೋಗೋಕೆ 16 ನಿಮಿಷ, ಬರೋಕೆ 16 ನಿಮಿಷ. ದಿನಕ್ಕೆ 32. ವಾರಕ್ಕೆ ಐದು ದಿನ ಅಂದರೆ 160. ಅಷ್ಟೇ! ಜಿಮ್ ಫೀಸಿಲ್ಲ, ಬೆಳಿಗ್ಗೆ ಐದಕ್ಕೆ ಅಲಾರಂ ಇಲ್ಲ, ಬೇರೆ ಬಟ್ಟೆ ಇಲ್ಲ. ಕೊಳ್ಳೇಗಾಲ ಪಟ್ಟಣದಲ್ಲಿ ಈ ತುದಿಯಿಂದ ಆ ತುದಿಗೆ ಯಾವ ಕೆಲಸಕ್ಕೆ ಹೋದರೂ ನಾಲ್ಕು ಕಿಲೋಮೀಟರ್ ಹತ್ತಿರ ಹತ್ತಿರ. ಯಳಂದೂರಿನಲ್ಲಿ ಅಷ್ಟೂ ಆಗಲ್ಲ, ಊರು ಒಂದು ಸುತ್ತು ಹೊಡೆದು ಬರಬೇಕು.

ಮೆಕ್ಯಾನಿಕಲ್‌ನವನಾಗಿ ಇನ್ನೊಂದು ಲೆಕ್ಕ ಮಾಡದೆ ಇರೋಕೆ ಆಗಲಿಲ್ಲ. ನಾನು 65 ಕೆ.ಜಿ., ಸೈಕಲ್ 18 ಕೆ.ಜಿ. ಗಾಳಿ ಇಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ಹೋಗೋಕೆ ಟೈರಿನ ಘರ್ಷಣೆಗೆ ಆರೇಳು ನ್ಯೂಟನ್, ಗಾಳಿಯ ತಡೆಗೆ ಸುಮಾರು ಆರು ನ್ಯೂಟನ್. ವೇಗದಿಂದ ಗುಣಿಸಿದರೆ ಸುಮಾರು 50 ವ್ಯಾಟ್. ಹಳೇ ಕಾಲದ ಒಂದು ಬಲ್ಬ್ ಉರಿಸೋವಷ್ಟು ಶಕ್ತಿಯಲ್ಲಿ ಒಬ್ಬ ಮನುಷ್ಯ ಯಳಂದೂರಿಗೆ ಹೋಗಬಹುದು. ಇದಕ್ಕಿಂತ ಎಫಿಶಿಯೆಂಟ್ ವಾಹನ ತೋರಿಸಿ ನೋಡೋಣ.

ಆದರೆ ಆಷಾಢದ ಗಾಳಿ ಈ ಲೆಕ್ಕಕ್ಕೆ ಬಗ್ಗಲ್ಲ. ಕೊಳ್ಳೇಗಾಲಕ್ಕೆ ಯಳಂದೂರು ಇರೋದು ನೈಋತ್ಯ ದಿಕ್ಕಿನಲ್ಲಿ, ಮುಂಗಾರಿನ ಗಾಳಿ ಬರೋದೂ ಆ ಕಡೆಯಿಂದಲೇ. ಬೆಳಿಗ್ಗೆ ಹೋಗುವಾಗ ಪೂರಾ ಎದುರುಗಾಳಿ. ಗಾಳಿಯೂ ಗಂಟೆಗೆ 15 ಕಿ.ಮೀ. ಬೀಸಿತು ಅಂದರೆ ಎದೆಗೆ ಬಡಿಯೋ ಗಾಳಿಯ ವೇಗ ಎರಡರಷ್ಟು, ಅದರ ತಡೆ ನಾಲ್ಕರಷ್ಟು. ಅದೇ ವೇಗ ಉಳಿಸಿಕೊಳ್ಳೋಕೆ 50 ವ್ಯಾಟ್ ಬದಲು 120 ವ್ಯಾಟ್ ಬೇಕು. ಮೊದಲ ವಾರ ನಾನು ಮೀಸೆ ತಿರುವಿಕೊಂಡು ಅದೇ ವೇಗದಲ್ಲಿ ಹೋಗೋಕೆ ನೋಡಿ, ಆಫೀಸಿನಲ್ಲಿ ಹನ್ನೊಂದು ಗಂಟೆಗೆ ತೂಕಡಿಸಿದೆ. ಎರಡನೇ ವಾರ ಬುದ್ಧಿ ಬಂತು. ವೇಗ ಬಿಟ್ಟು, ಕಾಲು ಗಂಟೆ ಮುಂಚೆ ಹೊರಡೋಕೆ ಶುರು ಮಾಡಿದೆ. ಸಂಜೆ ಅದೇ ಗಾಳಿ ಬೆನ್ನು ತಳ್ಳಿಕೊಂಡು ಬಂದು ಮನೆಗೆ ಬಿಡ್ತಿತ್ತು. ದಣಿದಿರೋ ಹೊತ್ತಿಗೆ ಸಹಾಯ, ತಾಜಾ ಇರೋ ಹೊತ್ತಿಗೆ ಪರೀಕ್ಷೆ. ಇದಕ್ಕಿಂತ ಒಳ್ಳೆ ಟೈಮ್‌ಟೇಬಲ್ ನಮ್ಮ ಕಾಲೇಜೂ ಹಾಕಿಲ್ಲ.

ತೂಕ ಇಳಿಯುತ್ತಾ ಅಂತ ಕೇಳೋರಿಗೆ ಒಂದು ಮಾತು. ನಮ್ಮ ದೇಹದ ಎಫಿಶಿಯೆನ್ಸಿ ಸೈಕಲ್ ಮೇಲೆ ಶೇ. 20ರಿಂದ 25. ಹದಿನಾರು ಕಿಲೋಮೀಟರ್‌ಗೆ ಖರ್ಚಾಗೋದು ಸುಮಾರು 200 ಕಿಲೋಕ್ಯಾಲೊರಿ, ಹೋಗಿ ಬಂದರೆ 400. ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಯಲ್ಲೇ ಮುನ್ನೂರರ ಮೇಲೆ ಇದೆ. ಸೈಕಲ್ ತುಳಿದೆ ಅಂತ ರಾತ್ರಿ ಎರಡು ಮುದ್ದೆ ಜಾಸ್ತಿ ಇಳಿಸಿದರೆ ಲೆಕ್ಕ ಉಲ್ಟಾ ಆಗುತ್ತೆ. ನನ್ನ ತೂಕ ಹತ್ತು ವಾರದಲ್ಲಿ ಒಂದು ಕೆ.ಜಿ. ಕೂಡ ಇಳಿಯಲಿಲ್ಲ. ಇಳಿದಿದ್ದು ಏದುಸಿರು.

ವರ್ಷಕ್ಕೊಂದು ಸಲ ಬೆಟ್ಟ ಹತ್ತಿದರೆ ಸಾಕಾ?

ನಮ್ಮ ಕಡೆಯವರಿಗೆ ಮೈ ದಂಡಿಸೋದು ಗೊತ್ತಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಶಿವರಾತ್ರಿ ಬರಲಿ, ಹನೂರು ರಸ್ತೆ ತುಂಬ ಜನ. ಮೈಸೂರು, ಮಂಡ್ಯ, ಕನಕಪುರ ಕಡೆಯಿಂದೆಲ್ಲ ನಡೆದುಕೊಂಡು ಬಂದು, ಕೌದಳ್ಳಿ, ತಾಳುಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತುತ್ತಾರೆ. ಕೊಳ್ಳೇಗಾಲದಿಂದಲೇ ಲೆಕ್ಕ ಹಾಕಿದರೂ ಎಪ್ಪತ್ತು ಕಿಲೋಮೀಟರ್ ಮೇಲೆ. ಬರಿಗಾಲಲ್ಲಿ ನಡೆಯೋರೂ ಇದ್ದಾರೆ. "ಉಘೇ ಮಾದಪ್ಪ" ಅಂದುಕೊಂಡು ಅರವತ್ತು ದಾಟಿದ ಅಜ್ಜಿಯರು ನನ್ನನ್ನು ಹಿಂದೆ ಹಾಕಿ ಹೋಗಿದ್ದನ್ನು ಕಣ್ಣಾರೆ ನೋಡಿದ್ದೀನಿ.

ಆ ಅಜ್ಜಿಯರು ವರ್ಷವೆಲ್ಲ ಹೊಲ, ಹಟ್ಟಿ, ನೀರು, ಸೌದೆ ಅಂತ ನಡೆಯೋರು. ಅವರಿಗೆ ಬೆಟ್ಟ ಹೊಸದಲ್ಲ. ನಮ್ಮಂಥ ಹುಡುಗರು ವರ್ಷವೆಲ್ಲ ಕೂತು, ಒಂದು ದಿನ ಗುಂಪಿನ ಜೋಶಲ್ಲಿ ನಡೆದು, ಬೊಬ್ಬೆ ಎದ್ದ ಪಾದ ನೋಡಿಕೊಂಡು ಮೂರು ದಿನ ಮಲಗ್ತೀವಿ. ಆ ನಡಿಗೆಯ ಭಕ್ತಿಗೆ ಬೆಲೆ ಬೇರೆ ಇದೆ, ಅದನ್ನು ನಾನು ತೂಗೋಕೆ ಹೋಗಲ್ಲ. ಆದರೆ ದೇಹಕ್ಕೆ ವರ್ಷಕ್ಕೊಂದು ಸಲ ಮಾಡಿದ್ದು ನೆನಪಿರಲ್ಲ.

ಇದಕ್ಕೂ ಲೆಕ್ಕ ಇದೆ. ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋದು ದಮ್ಮಿನ ಅಳತೆ, ಅದಕ್ಕೆ ವಿಒ2 ಮ್ಯಾಕ್ಸ್ ಅಂತಾರೆ. 1984ರಲ್ಲಿ ಅಮೆರಿಕದಲ್ಲಿ ಚೆನ್ನಾಗಿ ಪಳಗಿದ ಏಳು ಜನ ಕ್ರೀಡಾಪಟುಗಳಿಗೆ ತರಬೇತಿ ಪೂರ್ತಿ ನಿಲ್ಲಿಸಿ ಅಳೆದು ನೋಡಿದರು. ಮೂರು ವಾರಕ್ಕೆ ವಿಒ2 ಮ್ಯಾಕ್ಸ್ ಶೇ. 7ರಷ್ಟು ಬಿತ್ತು. ಎಂಟು ವಾರದ ಹೊತ್ತಿಗೆ ಶೇ. 16. ವರ್ಷಗಟ್ಟಲೆ ಕಟ್ಟಿದ್ದರಲ್ಲಿ ಇಷ್ಟು ಒಂದು ಸೆಮಿಸ್ಟರಿನ ಅರ್ಧದಲ್ಲಿ ಹೋಯಿತು.

ಹೆದರಬೇಡಿ, ಒಳ್ಳೆ ಸುದ್ದಿಯೂ ಇದೆ. 1981ರ ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ ವಾರಕ್ಕೆ ಆರು ದಿನ, ದಿನಕ್ಕೆ ನಲವತ್ತು ನಿಮಿಷದಂತೆ ಹತ್ತು ವಾರ ಸೈಕಲ್ ತುಳಿಸಿ, ಓಡಿಸಿ ತಯಾರು ಮಾಡಿದರು. ಆಮೇಲೆ ದಿನಗಳನ್ನು ಕಡಿಮೆ ಮಾಡಿದರು, ಕೆಲವರಿಗೆ ನಾಲ್ಕು, ಕೆಲವರಿಗೆ ಬರೀ ಎರಡು ದಿನ. ಶ್ರಮದ ತೀವ್ರತೆ ಮಾತ್ರ ಇಳಿಸಲಿಲ್ಲ. ಹದಿನೈದು ವಾರ ಆದ ಮೇಲೂ ಎರಡೇ ದಿನ ಮಾಡಿದವರ ದಮ್ಮು ಹಾಗೇ ಇತ್ತು! ಕಟ್ಟೋದಕ್ಕೆ ಆರು ದಿನ ಬೇಕು, ಉಳಿಸಿಕೊಳ್ಳೋಕೆ ಎರಡು ದಿನ ಸಾಕು. ಇಂಟರ್ನಲ್ಸ್ ಬಂತು, ಬ್ಯಾಕ್ ಪೇಪರ್ ಇದೆ, ಪ್ಲೇಸ್‌ಮೆಂಟ್ ಸೀಸನ್ ಅಂತ ಪೂರ್ತಿ ನಿಲ್ಲಿಸಿಬಿಡೋ ನಮ್ಮವರು ಇದನ್ನು ಹಾಸ್ಟೆಲ್ ಗೋಡೆ ಮೇಲೆ ಬರೆದು ಅಂಟಿಸಿಕೊಳ್ಳಬೇಕು.

ನನಗೆ ಸೈಕಲ್ ಮಾಡಿದ ಉಪಕಾರ ಇದೇ. ಟ್ರೈನಿಂಗ್ ಅಂತ ಬೇರೆ ಹೊತ್ತು ಹುಡುಕಲಿಲ್ಲ. ಆಫೀಸಿಗೆ ಹೋಗಲೇಬೇಕು, ಮನೆಗೆ ಬರಲೇಬೇಕು. ಇವತ್ತು ಮೂಡಿಲ್ಲ ಅಂತ ಯಳಂದೂರಿನಲ್ಲೇ ಉಳಿಯೋಕೆ ಆಗಲ್ಲವಲ್ಲ. ವಾರಕ್ಕೆ ಎರಡು ದಿನ ವಾಪಸ್ ಬರುವಾಗ ಮಾತ್ರ ಜೋರಾಗಿ ತುಳೀತಿದ್ದೆ, ಒಂದು ಕಿಲೋಮೀಟರ್ ಜೋರು, ಒಂದು ಕಿಲೋಮೀಟರ್ ಆರಾಮ. ಕಿಲೋಮೀಟರ್ ಕಲ್ಲುಗಳೇ ನನ್ನ ಸ್ಟಾಪ್‌ವಾಚು.

ಕಾಲೇಜಿಗೆ ಬಂದು ಗ್ರೌಂಡಿಗೆ ಇಳಿದಾಗ ಏನಾಯ್ತು ಅಂತಲೂ ಹೇಳಿಬಿಡ್ತೀನಿ. ದಮ್ಮು ಹಾಗೇ ಇತ್ತು. ಆದರೆ ಎರಡನೇ ದಿನಕ್ಕೇ ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡು, ಒಂದು ವಾರ ಕುಂಟಿದೆ. ಸೈಕಲ್ ಮೇಲೆ ಪಾದಕ್ಕೆ ಪೆಟ್ಟು ಬೀಳಲ್ಲ. ಓಟದಲ್ಲಿ ಪ್ರತಿ ಹೆಜ್ಜೆಗೂ ಬೀಳುತ್ತೆ. ಆ ಪೆಟ್ಟಿನ ಅಭ್ಯಾಸ ಹತ್ತು ವಾರದಲ್ಲಿ ತಪ್ಪಿಹೋಗಿತ್ತು. ಓಟದವರು, ಕಬಡ್ಡಿಯವರು ಸೈಕಲ್ ಜೊತೆ ವಾರಕ್ಕೆರಡು ಸಲ ಇಪ್ಪತ್ತು ನಿಮಿಷವಾದರೂ ಓಡಲೇಬೇಕು. ನನ್ನ ತಪ್ಪು ನೀವು ಮಾಡಬೇಡಿ.

ಎಲ್ಲರಿಗೂ ಆಗುತ್ತಾ?

ಇಲ್ಲಿ ಕೆಲವರ ಮಾತು ಕೇಳಿಸಿಕೊಳ್ಳಬೇಕು. ನನ್ನ ಹಾಸ್ಟೆಲ್ ಗೆಳೆಯನೊಬ್ಬನಿಗೆ ಹನೂರಿನಲ್ಲಿ ಕೆಲಸ ಸಿಕ್ಕಿತ್ತು, 2018ರಲ್ಲಿ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಅಲ್ಲಿ ಆಫೀಸುಗಳು ಜಾಸ್ತಿಯಾಗಿವೆ. ಕೊಳ್ಳೇಗಾಲದಿಂದ ಸುಮಾರು 25 ಕಿಲೋಮೀಟರ್. ನನ್ನ ಮಾತು ಕೇಳಿ ಸೈಕಲ್ ಹತ್ತಿದ. ನಾಲ್ಕೇ ದಿನ. ಐದನೇ ದಿನ ಫೋನ್ ಮಾಡಿ ನನಗೆ ಬೈದಿದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ. ತಪ್ಪು ನನ್ನದೇ. ದಿನಕ್ಕೆ ಐವತ್ತು ಕಿಲೋಮೀಟರ್ ಎಲ್ಲರ ಕೆಲಸಕ್ಕೂ, ಎಲ್ಲರ ಮೈಗೂ ಹೊಂದಲ್ಲ. ಈಗ ಅವನು ಮನೆಯಿಂದ ಬಸ್ ಸ್ಟ್ಯಾಂಡಿಗೆ ಸೈಕಲ್, ಅಲ್ಲಿಂದ ಬಸ್. ದಿನಕ್ಕೆ ಆರು ಕಿಲೋಮೀಟರ್ ಆಗುತ್ತೆ. ಸಾಲದ್ದಕ್ಕೆ ಭಾನುವಾರ ಒಂದು ಸುತ್ತು. ಅದು ನಿಲ್ಲದೆ ನಡೀತಿದೆ. ನಾಲ್ಕು ದಿನದ ಐವತ್ತಕ್ಕಿಂತ ವರ್ಷದ ಆರು ಮೇಲು.

ಎರಡನೆಯದು ರಸ್ತೆ. ನಾನು ಹೋಗ್ತಿದ್ದದ್ದು ಬೆಂಗಳೂರು-ಕೊಯಮತ್ತೂರು ಹೆದ್ದಾರಿಯಲ್ಲಿ, ಈಗಿನ ನಂಬರ್ 948, ಹಿರಿಯರ ಬಾಯಲ್ಲಿ ಇನ್ನೂ 209. ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಹೋಗುವಾಗ ಪಕ್ಕದಲ್ಲಿ ಸೈಕಲ್‌ನವನಿಗೆ ಉಳಿಯೋ ಜಾಗ ಅಂಗೈ ಅಗಲ. ಕತ್ತಲಾದ ಮೇಲೆ ಹಿಂದೆ ದೀಪ ಇಲ್ಲದ ಟ್ರೇಲರ್‌ಗಳು ರಸ್ತೆ ಪಕ್ಕ ನಿಂತಿರುತ್ತವೆ. ಒಂದು ಸಂಜೆ ಮೀಟಿಂಗ್ ಮುಗಿಸಿ ಏಳೂವರೆಗೆ ಹೊರಟು, ಎದುರಿನ ಲಾರಿ ಬೆಳಕಿಗೆ ಕಣ್ಣು ಕುಕ್ಕಿ ಮಣ್ಣಿಗಿಳಿದು ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮಾರನೇ ದಿನವೇ ಹಿಂದೆ ಕೆಂಪು ಬ್ಲಿಂಕರ್, ಮುಂದೆ ಟಾರ್ಚ್, ಮಡ್‌ಗಾರ್ಡಿಗೆ ರಿಫ್ಲೆಕ್ಟರ್ ಸ್ಟಿಕ್ಕರ್ ಹಾಕಿದೆ, ತಲೆಗೆ ಹೆಲ್ಮೆಟ್ ಬಂತು. ಕತ್ತಲಾದರೆ ಸೈಕಲ್ ಆಫೀಸಿನಲ್ಲೇ ಬಿಟ್ಟು ಬಸ್ ಹತ್ತೋದು ಅಂತ ಅಮ್ಮನಿಗೆ ಮಾತು ಕೊಟ್ಟೆ, ಉಳಿಸಿಕೊಂಡೆ. ಇನ್ನು ಟ್ರೈನಿಂಗ್ ಹುರುಪಲ್ಲಿ ಮುಂಜಾನೆ ಬಿಳಿಗಿರಿರಂಗನ ಬೆಟ್ಟದ ಕಡೆಗೋ, ಹನೂರು ದಾಟಿ ಬೆಟ್ಟದ ಕಾಡಿನ ರಸ್ತೆಗೋ ಹೋಗಬೇಡಿ. ಆನೆಗೆ ನಿಮ್ಮ ಬೆಲ್ಲು ಕೇಳಿಸಿದರೂ ದಾರಿ ಬಿಡಲ್ಲ.

ಮೂರನೆಯದು ನನ್ನ ಚಿಕ್ಕಮ್ಮನ ಮಗಳು ಹೇಳಿದ್ದು. ಈ ಲೇಖನದ ಮೊದಲ ಡ್ರಾಫ್ಟ್ ಓದಿ, "ನೀನು ಗಂಡುಹುಡುಗ, ಬರೀತೀಯ" ಅಂದಳು. ಅವಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರಿ ಸೈಕಲ್ ಸಿಕ್ಕಿತ್ತು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾದ ಯೋಜನೆ ಅದು, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ. ಕೋವಿಡ್ ಹೊತ್ತಿಗೆ ನಿಂತಿತು. ಮೂರು ವರ್ಷ ಅವಳು ಪಕ್ಕದೂರಿನ ಹೈಸ್ಕೂಲಿಗೆ ಗೆಳತಿಯರ ಜೊತೆ ಸಾಲಾಗಿ ಸೈಕಲ್‌ನಲ್ಲಿ ಹೋದಳು. ಎಸ್ಸೆಸ್ಸೆಲ್ಸಿ ಮುಗಿದ ದಿನ ಸೈಕಲ್ ತಮ್ಮನ ಪಾಲಾಯಿತು. "ದೊಡ್ಡೋಳಾದೆ, ಇನ್ನೇನು ಸೈಕಲ್ಲು" ಅಂದರಂತೆ ಮನೆಯಲ್ಲಿ. ಈಗ ಬಸ್ಸಿನಲ್ಲಿ ಓಡಾಡ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ಅದು ನಿಜವಾಗಲೂ ದೊಡ್ಡ ಅನುಕೂಲ. ಆದರೆ ಊರಿಂದ ಬಸ್ ನಿಲ್ಲೋ ಗೇಟಿಗೆ ಎರಡು ಕಿಲೋಮೀಟರ್. ಅಲ್ಲಿ ಸೈಕಲ್ ನಿಲ್ಲಿಸೋಕೆ ಒಂದು ನೆರಳಿಲ್ಲ, ಬೀಗ ಹಾಕೋಕೆ ಒಂದು ಕಂಬಿ ಇಲ್ಲ, ಸಂಜೆ ಒಂದು ಲೈಟಿಲ್ಲ. "ಆಸೆ ಇಲ್ಲ ಅಂತ ಅಲ್ಲ ಕಣೋ, ಸಂಜೆ ಆರೂವರೆಗೆ ಒಬ್ಬಳೇ ಆ ರಸ್ತೇಲಿ ಬಂದು ನೋಡು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಮರ್ಯಾದೆ, ನಾಚಿಕೆ ಅಂತ ದೊಡ್ಡದಾಗಿ ಬರೆದಿದ್ದ ಎರಡು ಪ್ಯಾರಾ ಹೊಡೆದುಹಾಕಿದೆ.

ಏನು ಮಾಡಬಹುದು?

ಸರ್ಕಾರ ಮಾಡಬೇಕಾದ್ದು ಇದೆ. ಎಂಟನೇ ಕ್ಲಾಸಿನ ಸೈಕಲ್ ಮತ್ತೆ ಬರಲಿ. ಹೆದ್ದಾರಿ ಅಗಲ ಮಾಡುವಾಗ ಬಿಳಿ ಪಟ್ಟೆಯ ಆಚೆ ಒಂದು ಮೀಟರ್ ಗಟ್ಟಿ ಜಾಗ ಬಿಡಲಿ. ಬಸ್ ಗೇಟುಗಳಲ್ಲಿ ತಗಡಿನ ಒಂದು ಸೈಕಲ್ ಸ್ಟ್ಯಾಂಡ್ ಮತ್ತು ಒಂದು ದೀಪ ಹಾಕಲಿ. ಮೈಸೂರಿನಲ್ಲಿ 2017ರಲ್ಲೇ ಟ್ರಿಣ್ ಟ್ರಿಣ್ ಅಂತ ಸಾರ್ವಜನಿಕ ಬಾಡಿಗೆ ಸೈಕಲ್ ಬಂದವು, ಪ್ರವಾಸಿಗರೂ ಓದೋ ಮಕ್ಕಳೂ ತುಳಿದರು. ನಮ್ಮ ತಾಲ್ಲೂಕುಗಳಿಗೆ ಅಷ್ಟೆಲ್ಲ ಬೇಡ. ಇಲ್ಲಿ ಮನೆ ಮನೆ ಅಟ್ಟದಲ್ಲಿ ಸೈಕಲ್ ಇದೆ, ನಿಲ್ಲಿಸೋ ಜಾಗ, ಕಾಣೋ ರಸ್ತೆ ಇದ್ದರೆ ಸಾಕು.

ನಮ್ಮ ಕಾಲೇಜು ಮಾಡಬೇಕಾದ್ದೂ ಒಂದಿದೆ. ಕಾರಿಗೆ ಶೀಟ್ ಹಾಕಿದ ಪಾರ್ಕಿಂಗ್, ಬೈಕಿಗೆ ಮರದ ನೆರಳು, ಸೈಕಲ್‌ಗೆ ಜನರೇಟರ್ ರೂಮಿನ ಹಿಂದಿನ ಬಿಸಿಲು. ಇದನ್ನು ತಿರುಗಿಸಿ ಹಾಕಿದರೆ ಖರ್ಚೇನೂ ಇಲ್ಲ.

ನಾವು ಮಾಡಬಹುದಾದ್ದು ಇನ್ನೂ ಸಣ್ಣದು. ಮೊದಲ ಸಂಬಳದಲ್ಲಿ ಬೈಕ್ ತಗೊಳ್ಳಿ, ಬೇಡ ಅನ್ನಲ್ಲ. ಮಳೆ, ರಾತ್ರಿ, ಅಪ್ಪ ಅಮ್ಮನ ಆಸ್ಪತ್ರೆ, ಎಲ್ಲಕ್ಕೂ ಬೇಕಾಗುತ್ತೆ. ಸೈಕಲ್ ಮಾತ್ರ ಗುಜರಿಗೆ ಹಾಕಬೇಡಿ. ರೂಮು ಹುಡುಕುವಾಗ ಆಫೀಸಿಗೆ ನಾಲ್ಕೈದು ಕಿಲೋಮೀಟರ್ ಒಳಗೆ ಸಿಗುತ್ತಾ ನೋಡಿ. ಬ್ಯಾಗಲ್ಲಿ ಒಂದು ಟವೆಲ್, ಇನ್ನೊಂದು ಶರ್ಟ್ ಇಟ್ಟುಕೊಳ್ಳಿ, ಬೆವರಿನ ಸಮಸ್ಯೆ ಅಲ್ಲಿಗೆ ಮುಗೀತು. ವಾರಕ್ಕೊಂದು ಸಲ ಟೈರಿಗೆ ಗಾಳಿ, ಹದಿನೈದು ದಿನಕ್ಕೊಂದು ಸಲ ಚೈನಿಗೆ ಎಣ್ಣೆ. ಐದೂ ದಿನ ಆಗದಿದ್ದರೆ ಎರಡು ದಿನ. ಆ ಎರಡು ದಿನ ನಿಲ್ಲಿಸಬೇಡಿ.

ಇಂಟರ್ನ್‌ಶಿಪ್ ಮುಗಿಸಿ ಕಾಲೇಜಿಗೆ ಹೊರಡುವಾಗ ಸೈಕಲ್ ಮತ್ತೆ ಅಟ್ಟಕ್ಕೆ ಹಾಕೋಕೆ ಹೋದೆ. ಅಪ್ಪ, "ಇರ್ಲಿ ಬುಡು, ಕೆಳಗೇ ಇರ್ಲಿ" ಅಂದರು. ಈಗ ವಾರದಲ್ಲಿ ನಾಲ್ಕು ದಿನ ಅಂಗಡಿಗೆ ಅದರಲ್ಲೇ ಹೋಗ್ತಾರೆ, ಎರಡೂವರೆ ಕಿಲೋಮೀಟರ್. ಮಾತ್ರೆ ನಿಂತಿಲ್ಲ, ನಿಲ್ಲುತ್ತೆ ಅಂತ ಡಾಕ್ಟರೂ ಹೇಳಿಲ್ಲ. ಸಂಜೆ ಫೋನ್ ಮಾಡಿದಾಗ ದನಿಯಲ್ಲಿ ಮೊದಲಿನ ಸುಸ್ತು ಇರಲ್ಲ, ಅದಷ್ಟು ನನಗೆ ಗೊತ್ತಾಗುತ್ತೆ. ಹೋದ ತಿಂಗಳು ನಮ್ಮ ಬೀದಿಯ ಅತ್ತೆ ಅವರನ್ನೂ ನಿಲ್ಲಿಸಿ ಕೇಳಿದರಂತೆ, "ಯಾಕಣ್ಣ, ಗಾಡಿ ಕೆಟ್ಟೋಯ್ತಾ?" ಅಂತ.

"ಗಾಡಿ ಚೆನ್ನಾಗೇ ಅದೆ ಕನವ್ವ. ನಾನೇ ವಸಿ ಕೆಟ್ಟೋಗಿದ್ದೆ, ರಿಪೇರಿ ಮಾಡ್ಕತಾ ಇವ್ನಿ" ಅಂದರಂತೆ ಅಪ್ಪ.